ಈಟಿ ಹಿಡಿದ ಕೈ

ಮತ್ತೋಡು
9 ಜೂನ್ 2024

ತಮ್ಮ ಗಂಗಾಧರನಿಗೆ,

ಇಲ್ಲಿ ಎಲ್ಲರೂ ಕ್ಷೇಮ ಅಂತ ಮೊದಲು ಬರೆಯಬೇಕಲ್ಲ. ಕ್ಷೇಮವಾಗಿಯೇ ಇದ್ದೆವು, ನೀನು ಕಳಿಸಿದ ದುರ್ಗೇಶ ಮನೆಗೆ ಬರುವ ತನಕ.

ಅವನು ಯುವಕರ ಸಂಘದ ಅಧ್ಯಕ್ಷನಂತೆ. ಸುತ್ತಿಕೊಂಡು ಬಂದಿದ್ದ ದೊಡ್ಡ ಹಾಳೆಯನ್ನು ಜಗಲಿ ಮೇಲೆ ಬಿಚ್ಚಿ ನಾಲ್ಕು ಮೂಲೆಗೂ ಕಲ್ಲಿಟ್ಟ. ನೋಡಿದರೆ ಕುದುರೆ. ಮುಂಗಾಲು ಎತ್ತಿ ನಿಂತಿದೆ. ಅದರ ಮೇಲೆ ಮೀಸೆ ತಿರುವಿದವನೊಬ್ಬ ಈಟಿ ಹಿಡಿದು ಕೂತಿದ್ದಾನೆ. "ಯಾರಪ್ಪ ಇವನು?" ಅಂದೆ. ನನ್ನ ಕಿವಿಗೆ ಬಾಯಿ ತಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದ:

"ನಿಮ್ಮಜ್ಜ ಕಣಜ್ಜ! ಚಿತ್ರಲಿಂಗಪ್ಪ! ಬಸ್ ಸ್ಟ್ಯಾಂಡ್ ಮುಂದೆ ನಿಲ್ಲಿಸ್ತೀವಿ. ನಿಮ್ಮ ತಮ್ಮ ಹಿರಿಯೂರಿನ ಮೇಷ್ಟ್ರೇ ಎಲ್ಲಾರ್ನೂ ಒಪ್ಪಿಸ್ಯಾರೆ."

"ನಮ್ಮಜ್ಜನಿಗೆ ಮೀಸೆ ಹಿಂಗಿರಲಿಲ್ಲ."

"ಇರ್ಲಿ ಬಿಡಜ್ಜ. ಕಲ್ಲಿನಾಗೆ ಮೀಸೆ ಇದ್ರೆ ಚೆಂದ."

ಒಳಗಿಂದ ನಿನ್ನ ಅತ್ತಿಗೆ ಕಾಟಮ್ಮ ನಕ್ಕಳು. ನಾನು ಸಿಟ್ಟಾಗುವುದಕ್ಕೆ ಮುಂಚೆಯೇ ಅವಳಿಗೆ ನಗು ಬಂದುಬಿಡುತ್ತದೆ.

ಆಮೇಲೆ ಇನ್ನೊಂದು ಕಾಗದ ತೆಗೆದ. 'ನಮ್ಮ ತಾತನವರು ಮೈಸೂರು ಕುದುರೆ ಪಡೆಯಲ್ಲಿ ಸವಾರರಾಗಿದ್ದು ಮೊದಲ ಮಹಾಯುದ್ಧದಲ್ಲಿ ಈಟಿ ಹಿಡಿದು ಹೋರಾಡಿದರೆಂದು ಹಿರಿಯ ಮೊಮ್ಮಗನಾದ ನಾನು ದೃಢೀಕರಿಸುತ್ತೇನೆ.' ಅಕ್ಷರ ನಿನ್ನದೇ. ಎಲ್ಲಿ ಸಹಿ ಹಾಕಬೇಕು ಅಂತ ಪೆನ್ಸಿಲ್ಲಿನಲ್ಲಿ ಗುರುತು ಬೇರೆ ಮಾಡಿದ್ದೀಯ. ನಾಲ್ಕನೇ ಕ್ಲಾಸು ಓದಿದವನಿಗೆ ಜಾಗ ತೋರಿಸಬೇಕು, ನಿಜ.

ನಾನು ಸಹಿ ಹಾಕುವುದಿಲ್ಲ. ಅಜ್ಜನನ್ನು ಕುದುರೆ ಮೇಲೆ ಕೂರಿಸಬೇಡ. ಯಾಕೆ ಅಂತ ಕೇಳಲೂ ಬೇಡ. ಫೋನಂತೂ ಮಾಡಲೇಬೇಡ. ನನಗೆ ಕಿವಿ ಕೇಳುವುದಿಲ್ಲ. ಮಗ ಮಲ್ಲೇಶ ನಡುವೆ ನಿಂತು ನೀನು ಅಂದಿದ್ದರಲ್ಲಿ ಅರ್ಧ, ನಾನು ಬೈದಿದ್ದರಲ್ಲಿ ಕಾಲು ಭಾಗ ದಾಟಿಸುತ್ತಾನೆ. ಹೇಳುವುದಿದ್ದರೆ ಬರೆ.

ನಿನ್ನ ಅಣ್ಣ
ಅಂಜನಪ್ಪ


ಹಿರಿಯೂರು
21 ಜೂನ್ 2024

ಪೂಜ್ಯ ಅಣ್ಣನಿಗೆ ಗಂಗಾಧರಪ್ಪನ ನಮಸ್ಕಾರಗಳು.

ನಿನ್ನ ಕಾಗದ ಬಂತು. ಸಿಟ್ಟು ನಿನಗೆ ಹೊಸದಲ್ಲ, ನನಗೂ ಹೊಸದಲ್ಲ. ಆದರೆ ಈ ಸಲದ ಸಿಟ್ಟಿಗೆ ಕಾರಣ ಸಿಗುತ್ತಿಲ್ಲ.

ಅಣ್ಣ, ಅದು ಸಣ್ಣ ಸಂಗತಿಯಲ್ಲ. ಮಿಷಿನ್ ಗನ್ನು ಬಂದ ಮೇಲೆ ಕುದುರೆ ದಂಡಿನ ಕಾಲ ಮುಗಿಯಿತು ಎಂದು ದೊಡ್ಡ ದೊಡ್ಡ ಸೇನಾಪತಿಗಳೇ ಬರೆದಿದ್ದರು. ಫ್ರಾನ್ಸಿನ ಕಂದಕಗಳ ಹಿಂದೆ ಕುದುರೆಗಳು ಕೆಲಸವೇ ಇಲ್ಲದೆ ಸಾಲಾಗಿ ನಿಂತಿದ್ದವು. ಅಂಥ ಕಾಲದಲ್ಲಿ, 1918ರ ಸೆಪ್ಟೆಂಬರ್ 23ರಂದು, ನಮ್ಮ ಮೈಸೂರಿನವರು ಮತ್ತು ಜೋಧಪುರದವರು ಬರೀ ಈಟಿ ಕತ್ತಿ ಹಿಡಿದು, ಬೆಟ್ಟದ ಮೇಲಿಂದ ಗುಂಡು ಸುರಿಯುತ್ತಿದ್ದರೂ ಕುದುರೆ ಓಡಿಸಿಕೊಂಡು ಹೋಗಿ ಹೈಫಾ ಪಟ್ಟಣ ಹಿಡಿದರು. ಎದುರಿನವರು ತೋಪಿನ ಗುರಿ ಇಳಿಸಿಕೊಳ್ಳುವಷ್ಟರಲ್ಲಿ ಕುದುರೆಗಳು ಅವರ ಮೈಮೇಲಿದ್ದವು. ಆ ಪಡೆಯ ಜೊತೆ ನಮ್ಮ ಅಜ್ಜ ಇದ್ದ. ಮತ್ತೋಡಿನವನು. ಕುರಿ ಕಾಯುತ್ತಿದ್ದವನು.

ನಮ್ಮ ಮನೆಯ ಗಂಡಸರು ಇವತ್ತಿಗೂ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ಮುಟ್ಟುವುದಿಲ್ಲ. ಈಟಿ ಹಿಡಿದ ಕೈ ಕತ್ತರಿ ಹಿಡಿಯಬಾರದು ಎಂದು ಅಪ್ಪ ಊರ ಮುಂದೆ ಎದೆ ತಟ್ಟಿ ಹೇಳುತ್ತಿದ್ದ. ಇಡೀ ಹೋಬಳಿಯ ಕುರಿಮನೆಗಳಲ್ಲಿ ಉಣ್ಣೆ ತೆಗೆಯಲು ಹೊರಗಿನವರನ್ನು ಕರೆಸುವ ಮನೆ ನಮ್ಮದೊಂದೇ. ಇಷ್ಟು ಗೌರವದಿಂದ ಕಾಪಾಡಿಕೊಂಡು ಬಂದದ್ದನ್ನು ಒಂದು ಕಲ್ಲಿನಲ್ಲಿ ನಿಲ್ಲಿಸಿದರೆ ನಿನಗೇನು ನೋವು?

ಸೆಪ್ಟೆಂಬರ್ 22 ಭಾನುವಾರ. ಅಂದು ಅನಾವರಣ ಎಂದು ಗೊತ್ತುಮಾಡಿದ್ದೇವೆ. ಸಹಿ ಕಳಿಸು.

ಇಂತಿ ನಿನ್ನ ತಮ್ಮ
ಗಂಗಾಧರಪ್ಪ


ಮತ್ತೋಡು
4 ಜುಲೈ 2024

ಗಂಗಾಧರ,

ಇತಿಹಾಸ ಪಾಠ ಚೆನ್ನಾಗಿತ್ತು. ಮಲ್ಲೇಶನ ಹೆಂಡತಿ ಚೈತ್ರಾ ಕಿವಿ ಹತ್ತಿರ ಕೂಗಿ ಓದಿ ಹೇಳಿದಳು, ಕೊನೆಗೆ ಚಪ್ಪಾಳೆ ಹೊಡೆಯುವುದೊಂದು ಬಾಕಿ.

ಆ ಪಾಠದಲ್ಲಿ ಕುದುರೆಗೆ ನೀರು ಕುಡಿಸಿದವನು ಯಾರು? ಒಂದು ಕುದುರೆ ದಿನಕ್ಕೆ ಎಷ್ಟು ಕೊಡ ಕುಡಿಯುತ್ತದೆ, ಮರಳುಗಾಡಿನಲ್ಲಿ ಅಷ್ಟು ನೀರು ಎಲ್ಲಿಂದ ಬಂತು, ಜೀನಿನ ಕೆಳಗೆ ಬೆನ್ನು ಕೊಳೆತರೆ ಅದಕ್ಕೆ ಏನು ಹಚ್ಚುತ್ತಿದ್ದರು? ನಿನ್ನ ಪುಸ್ತಕದವರಿಗೆ ಕುದುರೆ ಅಂದರೆ ಓಡುವಾಗ ಮಾತ್ರ ಕುದುರೆ.

ನನಗೆ ಒಂಬತ್ತು ವರ್ಷವಾದಾಗ ಅಪ್ಪ ಶಾಲೆ ಬಿಡಿಸಿದ. ಇಬ್ಬರನ್ನೂ ಓದಿಸುವ ಶಕ್ತಿ ಇಲ್ಲ, ಕುರಿ ಹಿಂದೆ ಒಬ್ಬ ಬೇಕು ಅಂದ. ನಾನು ಹೋದೆ. ನೀನು ಚೀಲ ಹಾಕಿಕೊಂಡು ಶಾಲೆಗೆ ಹೋದೆ, ಆಮೇಲೆ ಹಿರಿಯೂರಿನ ಹಾಸ್ಟೆಲ್ಲಿಗೆ. ಅದಕ್ಕೆ ನಾನು ಇವತ್ತಿನ ತನಕ ಒಂದು ಮಾತು ಆಡಿದ್ದೀನಾ? ಆಡಿಲ್ಲ. ಹಾಗಾದರೆ ನಾನು ಬೇಡ ಅಂದ ಒಂದೇ ಒಂದು ವಿಷಯವನ್ನು ಯಾಕೆ ಅಂತ ಕೇಳದೆ ಬಿಡಲು ನಿನಗೆ ಆಗುವುದಿಲ್ಲವಾ?

ಮಳೆ ಸರಿಯಾಗಿ ಹಿಡಿದಿದೆ. ಎರಡು ಕುರಿಗೆ ಕಾಲುಬೇನೆ. ನನ್ನ ಮಂಡಿಯೂ ಅವುಗಳ ಹಾಗೇ.

ಸಹಿ ಇಲ್ಲ.

ಅಂಜನಪ್ಪ


ಹಿರಿಯೂರು
11 ಆಗಸ್ಟ್ 2024

ಅಣ್ಣನಿಗೆ,

ಒಂದು ತಿಂಗಳು ಕಾದೆ. ನೀನೇ ಇನ್ನೊಂದು ಕಾಗದ ಬರೆಯುತ್ತೀಯ ಎಂದುಕೊಂಡೆ.

ಮನೆತನದ ಪರವಾಗಿ ನಾನೇ ಸಹಿ ಹಾಕಿ ಕೊಟ್ಟೆ. ಪಂಚಾಯಿತಿಯವರು ಒಪ್ಪಿದರು. ಹೊಳಲ್ಕೆರೆ ಕಡೆಯ ಶಿಲ್ಪಿ ಪರಮೇಶ್ ಕೆಲಸ ಶುರು ಮಾಡಿದ್ದಾರೆ. ಮೊನ್ನೆ ಹೋಗಿ ನೋಡಿ ಬಂದೆ. ಕುದುರೆಯ ತಲೆ, ಕುತ್ತಿಗೆ ಆಗಿದೆ. ಜೂಲಿನ ಒಂದೊಂದು ಎಳೆಯನ್ನೂ ಬಿಡಿಬಿಡಿಯಾಗಿ ಕೆತ್ತಿದ್ದಾರೆ, ಗಾಳಿಗೆ ಹಾರುವ ಹಾಗೆ. ನೋಡುತ್ತ ನಿಂತವನಿಗೆ ಕಣ್ಣು ತುಂಬಿತು.

ಬೇಸರದಿಂದ ಬರೆಯುತ್ತಿದ್ದೇನೆ. ನಿನಗೆ ಅಜ್ಜನ ಮೇಲೆ ಸಿಟ್ಟಿಲ್ಲ. ನನ್ನ ಮೇಲಿದೆ. ಓದಿದ ತಮ್ಮ ಹೇಳಿದ್ದನ್ನು ಊರು ಕೇಳುತ್ತದೆ ಎಂಬ ಹೊಟ್ಟೆಯುರಿ. ಅದನ್ನು ಅಜ್ಜನ ಮೇಲೆ ತೀರಿಸಿಕೊಳ್ಳಬೇಡ.

ಗಂಗಾಧರಪ್ಪ


ಮತ್ತೋಡು
18 ಆಗಸ್ಟ್ 2024

ಗಂಗಾಧರ,

ಹೊಟ್ಟೆಯುರಿ ಅಂದೆಯಲ್ಲ, ಓದು ಹಾಗಾದರೆ. ಈ ಕಾಗದವನ್ನು ಹಿಂದಿನ ಎರಡರ ಹಾಗೆ ಚೈತ್ರಾಳ ಕೈಯಲ್ಲಿ ಬರೆಸಿಲ್ಲ. ಮೂರು ದಿನದಿಂದ ನಾನೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಕೆಂಪು ಇಂಕಿನಲ್ಲಿ ತಿದ್ದಿಕೋ.

ನನಗೆ ಹದಿನೇಳು. ನೀನು ಹಾಸ್ಟೆಲ್ಲಿನಲ್ಲಿದ್ದೆ. ಕೆರೆಯಲ್ಲಿ ಕುರಿ ತೊಳೆದು ಒಣಗಿಸಿ ನಿಲ್ಲಿಸಿದ್ದೆವು, ಕತ್ತರಿಸುವವರು ಬರಲಿಲ್ಲ. ಮೋಡ ಬೇರೆ. ನಾನು ಯಾರದ್ದೋ ಕತ್ತರಿ ತಂದು ಒಂದು ಹೆಣ್ಣು ಕುರಿಯನ್ನು ಕೆಡವಿಕೊಂಡು ಕೂತೆ. ಅಜ್ಜ ಬಂದವನೇ ನನ್ನ ಕೆನ್ನೆಗೆ ಹೊಡೆದ. ಅಜ್ಜ ಯಾರಿಗೂ ಹೊಡೆದವನಲ್ಲ, ನಿನಗೆ ಗೊತ್ತು. ಕತ್ತರಿ ಕಿತ್ತು ಕೆರೆಗೆ ಎಸೆದ.

ನಾನೂ ಸುಮ್ಮನಿರಲಿಲ್ಲ. "ಈಟಿ ಹಿಡಿದ ಕೈ ಅಂತ ನಿನಗೆ ಜಂಬ. ಅದಕ್ಕೆ ನಾವ್ಯಾಕೆ ಊರೋರ ಕಾಲು ಹಿಡೀಬೇಕು?" ಅಂದೆ.

ಅಜ್ಜ ಕೆರೆ ಏರಿ ಮೇಲೆ ಕುಕ್ಕರುಗಾಲಲ್ಲಿ ಕೂತ. "ನಾನು ಒಂದು ದಿನಾನೂ ಈಟಿ ಹಿಡಿದೋನಲ್ಲ ಕಣೋ" ಅಂದ. "ಕುದುರೆ ಮ್ಯಾಲೆ ಕುಂತಿದ್ದು ಅವನ್ನ ನೀರಿಗೆ ಹೊಡ್ಕಂಡು ಹೋಗಾವಾಗ, ಅಷ್ಟೇಯ. ಲಾಯದ ಆಳು ನಾನು. ಹುಲ್ಲು, ನೀರು, ಲದ್ದಿ. ಅವರು ಈಟಿ ಹಿಡ್ಕಂಡು ಓಡಿದ್ದು ಒಂದು ಹೊತ್ತು. ಅದಕ್ಕೂ ಮೊದ್ಲು ವರ್ಸಗಟ್ಲೆ ಮರಳಿನಾಗೆ ಅವಕ್ಕೆ ನೀರು ಹೊತ್ತೋರು ನಾವು. ಓಡಿದ ದಿನ ನಾನು ಎಲ್ಲೋ ಹಿಂದೆ ಹುಲ್ಲಿನ ಗಾಡಿ ಜೊತೆ ಇದ್ದೆ. ಸದ್ದು ಸೈತ ಸರಿಯಾಗಿ ಕೇಳಲಿಲ್ಲ."

ಅಷ್ಟೇ ಆಗಿದ್ದರೆ ನಾನು ಸಹಿ ಹಾಕಿಬಿಡುತ್ತಿದ್ದೆ ಗಂಗಾಧರ. ಲಾಯದ ಆಳನ್ನು ಸವಾರ ಅಂದರೆ ಯಾರ ಗಂಟು ಹೋಗುತ್ತದೆ. ಮುಂದಿನದು ಓದು.

ಯುದ್ಧ ಮುಗಿಯಿತು. ಇರೋ ಕುದುರೆಗಳನ್ನೆಲ್ಲ ವಾಪಸ್ ಒಯ್ಯಲು ಹಡಗಿನಲ್ಲಿ ಜಾಗವಿಲ್ಲ. ಒಬ್ಬ ಸಾಹೇಬ ಬಂದು ಬಾಯಿ ತೆಗೆಸಿ ಹಲ್ಲು ನೋಡಿದ, ನಡೆಸಿ ನೋಡಿದ. ವಯಸ್ಸಾದವು, ಕುಂಟುವವು, ಬೆನ್ನು ಹುಣ್ಣಾದವು ಎಲ್ಲ ಒಂದು ಕಡೆ. ಆಮೇಲೆ ಭಾಷೆ ಬಲ್ಲವನೊಬ್ಬ ಆಳುಗಳ ಮುಂದೆ ಬಂದು, ಕತ್ತರಿ ಕೆಲಸ ಬಲ್ಲವರು ಯಾರಿದ್ದೀರಿ ಅಂತ ಕೇಳಿದ.

ಅಜ್ಜ ಎಲ್ಲರಿಗಿಂತ ಮೊದಲು ಎದ್ದು ನಿಂತ. ಕುರಿಯವನಲ್ಲವೇ. ಅಷ್ಟು ವರ್ಷ ಲದ್ದಿ ಬಾಚಿದ ಮೇಲೆ ತನ್ನ ಕೈಗೆ ಗೊತ್ತಿರುವ ಕೆಲಸವನ್ನು ಯಾರೋ ಮೊದಲ ಸಲ ಕೇಳಿದ್ದಾರೆ. ಕೆಲಸ ಏನೆಂದರೆ ಆ ಸಾಲಿನ ಕುದುರೆಗಳ ಜೂಲು, ಬಾಲ ಕತ್ತರಿಸುವುದು.

"ನಮ್ ಕಡೆ ಕುರಿ ಯಾಕೆ ಕತ್ತರಿಸ್ತೀವಿ? ಬ್ಯಾಸಿಗೆಗೆ ಮೈ ತಂಪಾಗ್ಲಿ, ಹೇನು ಉಣುಗು ಹೋಗ್ಲಿ ಅಂತ. ಇವಕ್ಕೂ ಹಂಗೇ ಅಂದ್ಕಂಡೆ. ಹಡಗು ಹತ್ತಿಸ್ತಾರೆ, ಅದಕ್ಕೇ ಹಗುರ ಮಾಡ್ತಾವ್ರೆ ಅಂದ್ಕಂಡೆ. ಒಂದೊಂದರ ಕಿವಿಯಾಗೂ ಹೇಳ್ದೆ. ಹೋಗಾಣ ಬಾ, ಊರಿಗೆ ಹೋಗಾಣ ಅಂತ. ನನ್ನ ಕೈಯಾಗೆ ತಿಂದಿದ್ವು ಅವು. ಒಂದೂ ಅಲುಗಾಡಲಿಲ್ಲ."

ಕೂದಲು ಕತ್ತರಿಸಿದ ಕುದುರೆಗಳನ್ನೆಲ್ಲ ದಿಣ್ಣೆಯ ಆಚೆ ನಡೆಸಿಕೊಂಡು ಹೋಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಗುಂಡಿನ ಸದ್ದು. ಸಿಪಾಯಿಗಳು ಗುರಿ ಕಲಿಯುತ್ತಿದ್ದಾರೆ ಅಂದುಕೊಂಡನಂತೆ. ಮಧ್ಯಾಹ್ನ ಆ ಕಡೆಯಿಂದ ಒಂದು ಗಾಡಿ ಬಂತು. ಅದರ ತುಂಬ ಕಿತ್ತ ಲಾಳ. ಈ ಕಡೆ ಅಜ್ಜ ಕತ್ತರಿಸಿದ ಕೂದಲನ್ನು ಕಟ್ಟು ಕಟ್ಟಿ ಮೂಟೆ ಮಾಡುತ್ತಿದ್ದರು. ಕೂದಲಿಗೆ ಬೆಲೆ ಇದೆ, ಕಬ್ಬಿಣಕ್ಕೆ ಬೆಲೆ ಇದೆ, ಕುದುರೆಗಿಲ್ಲ. ಆಗ ತಿಳಿಯಿತು.

ನಾನು ಕೇಳಿದೆ. ಹದಿನೇಳರ ಬುದ್ಧಿ, ಕೇಳಬಾರದಿತ್ತು. "ತಿಳಿದ ಮ್ಯಾಲೆ ಕತ್ತರಿ ಇಟ್ಟುಬಿಟ್ಯಾ ಅಜ್ಜ?"

"ಇಲ್ಲ" ಅಂದ. "ಇನ್ನೂ ಅರ್ಧ ಸಾಲಿತ್ತು. ಕತ್ತರಿಸಿದೆ. ಹೋಗಾಣ ಬಾ ಅನ್ನೋದನ್ನೂ ಬಿಡಲಿಲ್ಲ. ಬಿಟ್ಟಿದ್ರೆ ಅವು ನಿಲ್ತಿರಲಿಲ್ಲ."

ಇದು ನಿನ್ನ ಈಟಿ ಹಿಡಿದ ಕೈ.

ಖಾಕಿ ಕೋಟು ಹಾಕಿಕೊಂಡು ಊರಿಗೆ ಬಂದವನನ್ನು ಜನ ಸವಾರ ಅಂದರು. ಅಪ್ಪ ಅದಕ್ಕೆ ಮೀಸೆ ಹಚ್ಚಿದ. ಅಜ್ಜ ಕತ್ತರಿ ಮುಟ್ಟದೇ ಇದ್ದದ್ದಕ್ಕೂ ಅಪ್ಪನೇ ಒಂದು ಕಾರಣ ಕಟ್ಟಿದ. ಅಜ್ಜ ಮೊದಲು ನಾಚಿಕೆಗೆ ಸುಮ್ಮನಿದ್ದ, ಆಮೇಲೆ ಅಭ್ಯಾಸಕ್ಕೆ ಸುಮ್ಮನಿದ್ದ. ಸ್ವಾತಂತ್ರ್ಯದ ದಿನ ಅವನನ್ನು ಕುದುರೆ ಮೇಲೆ ಕೂರಿಸಿ ಮೆರವಣಿಗೆ ಮಾಡುತ್ತೇವೆ ಅಂತ ಒಂದು ವರ್ಷ ಊರವರು ಬಂದಾಗ ಕುರಿ ಹೊಡೆದುಕೊಂಡು ಎರಡು ದಿನ ಕಾಡಿಗೆ ಹೋಗಿಬಿಟ್ಟ. ನೀನು ಅದನ್ನು ವಿನಯ ಅಂತ ಎಲ್ಲೋ ಭಾಷಣದಲ್ಲಿ ಹೇಳಿದ್ದೆಯಂತೆ.

ಆ ದಿನ ಏರಿ ಮೇಲೆ ಅಜ್ಜ ನನಗೆ ಎರಡು ಮಾತು ಹೇಳಿದ. ಯಾರಿಗೂ ಹೇಳಬ್ಯಾಡ. ನಾನು ಸತ್ತ ಮ್ಯಾಲೂ ನನ್ನ ಕುದುರೆ ಮ್ಯಾಲೆ ಕುಂದ್ರಿಸಾಕೆ ಬಿಡಬ್ಯಾಡ. ಎರಡನೆಯದನ್ನು ಉಳಿಸಿಕೊಳ್ಳಲು ಇವತ್ತು ಮೊದಲನೆಯದನ್ನು ಮುರಿದಿದ್ದೇನೆ. ಕಾಟಮ್ಮನಿಗೂ ಹೇಳಿರಲಿಲ್ಲ. ಮೊನ್ನೆ ಹೇಳಿದೆ. ಅವಳು ನಗಲಿಲ್ಲ.

ಕಲ್ಲು ನಿಲ್ಲಿಸು. ಆ ಪರಮೇಶನಿಗೆ ಹೇಳಿ ಬೇರೆ ಏನಾದರೂ ಕೆತ್ತಿಸು, ಬರೀ ಕುದುರೆ ಇರಲಿ. ಅಜ್ಜ ಬೇಡ.

ಅಣ್ಣ
ಅಂಜನಪ್ಪ


ಹಿರಿಯೂರು
5 ಸೆಪ್ಟೆಂಬರ್ 2024

ಅಣ್ಣ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ತಿದ್ದುವಂಥದ್ದು ಏನೂ ಇರಲಿಲ್ಲ.

ಕತ್ತರಿಯ ಸಂಗತಿ ನನಗೆ ಗೊತ್ತಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಗೊತ್ತಿರಲಿಲ್ಲ. ಆದರೆ ಅಜ್ಜ ಸವಾರನಲ್ಲ ಎಂಬುದು ನನಗೆ ಹತ್ತು ವರ್ಷದಿಂದ ಗೊತ್ತು. ಪಾಲಾದಾಗ ಅಜ್ಜನ ಪದಕ ನನಗೆ ಬಂತಲ್ಲ, ಅದನ್ನು ತಿಳಿದವರೊಬ್ಬರಿಗೆ ತೋರಿಸಿದ್ದೆ. ಆ ಪದಕ ಸವಾರರಿಗೆ ಬೆಳ್ಳಿಯದು, ಆಳುಗಳಿಗೆ ಕಂಚಿನದು. ನಮ್ಮದು ಕಂಚಿನದು. ಅವತ್ತು ಮನೆಗೆ ಬಂದು ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟವನು ಮತ್ತೆ ತೆಗೆದಿಲ್ಲ.

ಗೊತ್ತಿದ್ದೂ ಸಹಿ ಹಾಕಿದೆ. ಯಾಕೆ ಎಂದು ಹೇಳುತ್ತೇನೆ, ನೀನು ಕ್ಷಮಿಸಬೇಕೆಂದು ಅಲ್ಲ.

ಹಾಸ್ಟೆಲ್ಲಿಗೆ ಸೇರಿದ ಮೊದಲ ವಾರ ನನ್ನ ಹಾಸಿಗೆಯನ್ನು ಬಾಗಿಲ ಹೊರಗೆ ಎಸೆದಿದ್ದರು. "ಕುರಿ ನಾತ ಐತೆ, ಹೊರಗೆ ಮಲಕ್ಕೊಳ್ಲಿ" ಎಂದು. ಊಟದ ಸಾಲಿನಲ್ಲಿ ನನ್ನನ್ನು ನೋಡಿ ಬ್ಯಾ ಬ್ಯಾ ಎನ್ನುತ್ತಿದ್ದರು. ಒಂದು ದಿನ ನಾನು, ನಮ್ಮಜ್ಜ ಮಹಾರಾಜರ ಕುದುರೆ ಪಡೆಯಲ್ಲಿ ಸವಾರ, ಸಮುದ್ರ ದಾಟಿ ಈಟಿ ಹಿಡಿದು ಯುದ್ಧ ಮಾಡಿ ಬಂದವನು ಎಂದೆ. ಅದನ್ನು ಕೇಳಿದ ಮೇಲೆ ಹಾಸಿಗೆ ಒಳಗೆ ಬಂತು. ಅಣ್ಣ, ಅಷ್ಟು ಸುಲಭವಾಗಿ ಒಳಗೆ ಬಂತು. ಆಮೇಲೆ ಕೆಲಸಕ್ಕೆ ಸೇರಿದಾಗ, ಹೆಣ್ಣು ಕೇಳಲು ಹೋದಾಗ, ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಮಾಡುವಾಗ, ಎಲ್ಲ ಕಡೆಯೂ ಆ ಕುದುರೆಯ ಮೇಲೆಯೇ ಹೋದೆ.

ನಾನು ಶಾಲೆಗೆ ಹೋದೆ ಎಂದು ನೀನು ಹೊಟ್ಟೆಯಲ್ಲಿಟ್ಟುಕೊಂಡಿದ್ದೀಯ. ನಿನಗೆ ಅಜ್ಜ ಸಿಕ್ಕ. ಪ್ರತಿದಿನ, ಬೆಟ್ಟದ ಮೇಲೆ, ಅವನ ಪಕ್ಕದಲ್ಲಿ. ನನಗೆ ಸಿಕ್ಕಿದ್ದು ಅಪ್ಪ ಕಟ್ಟಿದ ಕಥೆಯೊಂದೇ. ಅದನ್ನೂ ಕೊಡು ಎಂದರೆ ನನ್ನ ಬಳಿ ಏನು ಉಳಿಯುತ್ತದೆ?

ಕಲ್ಲು ಮುಗಿದಿದೆ. ಕರೆಯೋಲೆ ಹಂಚಿ ಆಗಿದೆ. ಚಿತ್ರದುರ್ಗದಿಂದ, ಹೊಸದುರ್ಗದಿಂದ ಜನ ಬರುತ್ತಾರೆ. ಹಿರಿಯ ಮೊಮ್ಮಗನಿಗೆ ವೇದಿಕೆಯ ಮೇಲೆ ಕುರ್ಚಿ ಇದೆ, ಎರಡು ಮಾತಾಡಿಸಬೇಕೆಂದು ದುರ್ಗೇಶ್ ಹಟ ಹಿಡಿದಿದ್ದಾನೆ. ನೀನು ಎದ್ದು ನಿಂತು ನಿಜ ಹೇಳಿದರೆ ನಾನು ತಡೆಯಲಾರೆ. ನಿನಗೆ ಆ ಹಕ್ಕಿದೆ. ಆದರೆ ನಾನು ಆ ಮೇಲೆ ಯಾವ ಊರಿನಲ್ಲೂ ತಲೆ ಎತ್ತಿ ನಡೆಯಲಾರೆ. ಬರದೇ ಇದ್ದರೆ ಒಳ್ಳೆಯದು ಎಂದು ಬರೆಯಲು ಕೈ ಬರುತ್ತಿಲ್ಲ. ಬರೆದೂಬಿಟ್ಟೆ.

ನಿನ್ನ ತಮ್ಮ
ಗಂಗಾಧರ


ಮತ್ತೋಡು
24 ಸೆಪ್ಟೆಂಬರ್ 2024

ಗಂಗಾಧರ,

ಬಂದಿದ್ದೆ, ನೋಡಿದೆಯಲ್ಲ.

ಹೇಳಲೇಬೇಕು ಅಂತ ನಿರ್ಧಾರ ಮಾಡಿಕೊಂಡು ಬಂದಿದ್ದೆ. ಬೆಳಿಗ್ಗೆ ಅಂಗಿ ಹಾಕಿಕೊಳ್ಳುವಾಗ ಕಾಟಮ್ಮ ಕಿವಿ ಹತ್ತಿರ ಬಂದು, "ಹೇಳ್ತೀಯೋ, ಬಿಡ್ತೀಯೋ, ಆಮ್ಯಾಲೆ ಮನೆಗೆ ಬಂದು ನನ್ನ ಮ್ಯಾಲೆ ಕೂಗಾಡಬ್ಯಾಡ" ಅಂದಳು. ಹೇಳ್ತೀನಿ ಅಂದೆ. ಅವಳು ಮನೆಯಲ್ಲೇ ಉಳಿದಳು.

ಪರದೆ ಎಳೆದರು. ಕೆಲಸದವನು ಒಳ್ಳೆಯವನು, ನೀನು ಬರೆದದ್ದು ಸುಳ್ಳಲ್ಲ. ಜೂಲು ನಿಜವಾಗಿ ಗಾಳಿಗೆ ಹಾರುತ್ತಿದೆ. ಅದನ್ನು ನೋಡಿ ಅಜ್ಜನ ಬೆರಳು ನೆನಪಾಯಿತು. ಮೇಲೆ ಕೂತವನ ಮುಖ ಮಾತ್ರ ಯಾರದ್ದೋ.

ಭಾಷಣಗಳು ನನಗೆ ಕೇಳಲಿಲ್ಲ, ಅದೊಂದು ಪುಣ್ಯ. ಕೊನೆಗೆ ದುರ್ಗೇಶ ಬಂದು ನನ್ನ ಕೈಗೆ ಮೈಕು ಕೊಟ್ಟ. ಎದ್ದು ನಿಂತೆ. ಎದುರಿಗೆ ಅಷ್ಟು ಜನ. ಬಾಯಿ ತೆರೆದೆ. ಆಗ ನಿನ್ನನ್ನು ನೋಡಿದೆ. ನೀನು ಶಾಲಿನ ತುದಿಯನ್ನು ಎರಡೂ ಕೈಯಲ್ಲಿ ಹಿಂಡುತ್ತ ಕೂತಿದ್ದೆ. ಹಿಂದೆ ಅಪ್ಪ ಬಾರುಕೋಲು ತೆಗೆದಾಗ ನೀನು ಅಂಗಿ ತುದಿಯನ್ನು ಹಿಡಿದು ಹಾಗೇ ನಿಲ್ಲುತ್ತಿದ್ದೆ. ಎಪ್ಪತ್ತೆರಡು ವರ್ಷದ ಮುದುಕ, ಮುಖ್ಯೋಪಾಧ್ಯಾಯನಾಗಿದ್ದವನು, ಏಟಿಗೆ ಕಾಯುತ್ತಿದ್ದೆ. ಕೊಡುವವನು ನಾನು.

ನನ್ನ ಕೈಯಲ್ಲಿ ಆಗಲಿಲ್ಲ.

"ನಮ್ಮಜ್ಜ ಕುದುರೆಗಳನ್ನ ಭಾಳ ಚೆನ್ನಾಗಿ ನೋಡ್ಕಂತಿದ್ದ" ಅಂದೆ. "ಅವೂ ಅವನು ಹೇಳಿದ ಮಾತು ಕೇಳ್ತಿದ್ವು." ಅಷ್ಟು ಹೇಳಿ ಕೂತೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅಜ್ಜ ಹೇಳಿದ ಎರಡು ಮಾತನ್ನೂ ಕಳೆದುಕೊಂಡೆ, ಸುಳ್ಳು ಮಾತ್ರ ಹೇಳಲಿಲ್ಲ. ಇದರಿಂದ ನನಗೇನು ಬಂತು ಅಂತ ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಏನೂ ಬರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ನೀನು ಬಂದು ನನ್ನ ಕಾಲು ಮುಟ್ಟಿದೆ. ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ. ಯಾಕೆ ಅಂತ ನಿನಗೆ ಅರ್ಥವಾಗಲಿಲ್ಲ, ಮುಖದಲ್ಲೇ ಕಂಡಿತು. ಬಾಯಿ ಮುಚ್ಚಿಕೊಂಡು ನಿನ್ನನ್ನು ಉಳಿಸಿದ ಅಣ್ಣ ಯಾಕೆ ಹೀಗೆ ಮಾಡಿದ ಅಂದುಕೊಂಡಿರಬೇಕು.

ಹೇಳುತ್ತೇನೆ. ನಾನು ಕುದುರೆಗಳ ಬಗ್ಗೆ ಆ ಎರಡು ಮಾತು ಹೇಳಿ ಕೂತಾಗ ಜನ ಚಪ್ಪಾಳೆ ಹೊಡೆದರು. ನನಗೆ ಕೇಳುವುದಿಲ್ಲ, ಕೈಗಳು ಕಾಣುತ್ತವೆ. ಅವರಿಗೆ ಏನೂ ಗೊತ್ತಿಲ್ಲ, ಹೊಡೆದರು. ಕುದುರೆಗಳು ಕೇಳಿದ ಆ ಮಾತು ಯಾವುದು, ಯಾವ ದಿನದ್ದು ಅಂತ ಆ ಜಾಗದಲ್ಲಿ ಗೊತ್ತಿದ್ದವನು ನೀನೊಬ್ಬನೇ.

ಶಾಲು ಬಿಟ್ಟು ನೀನೂ ಹೊಡೆದೆ.

ಅಂಜನಪ್ಪ